ಗೇಮ್ ಸಂಗೀತವೂ ಸಿನಿಮಾ ಸಂಗೀತವೂ

ಪ್ರಶ್ನೆ: ಸಿನಿಮಾಕ್ಕೂ ವಿಡಿಯೋ ಗೇಮ್‌ಗೂ ಒಬ್ಬರೇ ಸಂಗೀತ ನೀಡುವುದುಂಟು. ಈ ಎರಡು ಕೆಲಸಗಳ ನಡುವಿನ ನಿಜವಾದ ವ್ಯತ್ಯಾಸವೇನೆಂದು ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಸಿನಿಮಾದಲ್ಲಿ ದೃಶ್ಯದ ಅವಧಿ ಮೊದಲೇ ನಿಗದಿಯಾಗಿರುತ್ತದೆ. ಗೇಮ್‌ನಲ್ಲಾದರೋ ಆಟಗಾರ ಒಂದೇ ಕೋಣೆಯಲ್ಲಿ ಎಷ್ಟು ಹೊತ್ತು ಅಲೆಯುತ್ತಾನೆಂದು ಹೇಳಲಾಗದ ಕಾರಣ, ತಂತಿವಾದ್ಯ, ತಾಳವಾದ್ಯಗಳನ್ನು ಬೇರೆ ಬೇರೆ ಪದರಗಳಾಗಿ ಧ್ವನಿಮುದ್ರಿಸಿಕೊಂಡು, ಶತ್ರು ಎದುರಾದ ಕೂಡಲೇ ತಾಳದ ಪದರ ಸೇರಿಕೊಳ್ಳುವಂತೆಯೂ ಅಪಾಯ ಕಳೆದಾಗ ಅದು ಮೆಲ್ಲಗೆ ಹಿಂದೆ ಸರಿಯುವಂತೆಯೂ ಅಳವಡಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಕಠಿಣವಾದ ಕಲೆ.

ಉತ್ತರ 2: ಗುಸ್ತಾವೊ ಸಾಂತಾವೊಲಾಲಾ ಅವರು 2013ರ ‘ದ ಲಾಸ್ಟ್ ಆಫ್ ಅಸ್’ ಗೇಮ್‌ಗೂ 2023ರಲ್ಲಿ ಆರಂಭವಾದ ಅದೇ ಕಥೆಯ ಟಿವಿ ಸರಣಿಗೂ ಸಂಗೀತ ನೀಡಿದ್ದಾರೆ; ಎರಡನ್ನೂ ಹೋಲಿಸಿ ಕೇಳಿ.

ಉತ್ತರ 3: ಗ್ರ್ಯಾಮಿಯಲ್ಲಿಯೂ 2023ರಿಂದ ಗೇಮ್ ಸಂಗೀತಕ್ಕೆ ಪ್ರತ್ಯೇಕ ವಿಭಾಗವಿದೆ.