ಪದಚರ್ಚೆ: ‘ಎರಡನೇ ಕಸ್ಟಮ್ ಕ್ಯೂ’ ಎಂದರೆ ಓದುಗರಿಗೆ ಏನು ಹೊಳೆಯುತ್ತದೆ?

ಎಲ್ಲರಿಗೂ ನಮಸ್ಕಾರ.

ಕೇರಂ ಬಿಲಿಯರ್ಡ್ಸ್ ಕೈಪಿಡಿಯೊಂದರ ಅನುವಾದ ನಾಳೆ ಸಂಜೆಗೆ ಮುದ್ರಣಕ್ಕೆ ಹೋಗಬೇಕು. ಒಂದು ಅಧ್ಯಾಯದ ಹೆಸರೇ ಕೂರುತ್ತಿಲ್ಲ. ಈಗಾಗಲೇ ಒಂದು ಕ್ಯೂ (ಚೆಂಡು ಹೊಡೆಯುವ ಕೋಲು) ಇರುವವರು ತಮ್ಮ ಕೈಗೆ ಒಪ್ಪುವಂತೆ ಇನ್ನೊಂದನ್ನು ಮಾಡಿಸುವಾಗ ಏನೇನು ನೋಡಬೇಕು ಎಂಬುದು ವಿಷಯ. ‘ಎರಡನೇ ಕಸ್ಟಮ್ ಕ್ಯೂ’ ಎಂದರೆ ಕನ್ನಡದಲ್ಲಿ ಸುಂಕದ ಕಟ್ಟೆಯ ಮುಂದಿನ ಸಾಲು ಎನಿಸುತ್ತದೆ. ‘ಕೇರಂ’ ಎಂದರೆ ಎಲ್ಲರ ಕಣ್ಣಿಗೂ ಬರುವುದು ಬೋರ್ಡು ಮತ್ತು ಸ್ಟ್ರೈಕರ್. ಇಲ್ಲಿರುವುದು ಚೆಂಡು ಬೀಳುವ ಪಾಕೆಟ್ ಇಲ್ಲದ ಮೇಜು, ಮೂರು ಚೆಂಡು. ಶಾಫ್ಟ್ (ಕ್ಯೂನ ಮುಂದಿನ ತುಂಡು), ಬಟ್ (ಕೈಯಲ್ಲಿ ಹಿಡಿಯುವ ಹಿಂದಿನ ತುಂಡು), ಫೆರಲ್ (ಶಾಫ್ಟಿನ ತುದಿಗೆ ತೊಡಿಸುವ ಕವಚ), ಸ್ಕ್ವರ್ಟ್ (ಪಕ್ಕಕ್ಕೆ ಹೊಡೆದಾಗ ಚೆಂಡು ಗೆರೆ ಬಿಟ್ಟು ಸರಿಯುವುದು) ಇವಕ್ಕೂ ಪದ ಬೇಕು. ದಯವಿಟ್ಟು ಬೇಗ ತಿಳಿಸಿ.

*

> ಎರಡನೇ ಕಸ್ಟಮ್ ಕ್ಯೂ

‘ಹೇಳಿ ಮಾಡಿಸಿದ’ ಎಂಬ ಮಾತು ಇರುವಾಗ ‘ಕಸ್ಟಮ್’ ಏಕೆ? ‘ಎರಡನೇ’ಯನ್ನೂ ಬಿಡಿ, ಎರಡನೇ ದರ್ಜೆಯದು ಎಂದು ಓದಿಕೊಳ್ಳುತ್ತಾರೆ. ‘ಇನ್ನೊಂದು’ ಸಾಕು. ಊರುಗೋಲು ಇದ್ದ ಹಾಗೆ ಕ್ಯೂಗೆ ತಿವಿಗೋಲು. ಶಾಫ್ಟ್ ಮುಂಗೋಲು, ಬಟ್ ಹಿಂಗೋಲು.

ಫೆರಲ್‌ಗೆ ಹೊಸ ಪದ ಕಟ್ಟುವ ಅಗತ್ಯವೇ ಇಲ್ಲ. ‘ಅಣಸು’ ಇದೆ. ಕುಟ್ಟುವಾಗ ಮರ ಸೀಳದಿರಲೆಂದು ಒನಕೆಯ ತುದಿಗೆ ತೊಡಿಸುವ ಬಳೆ ಅದು. ಫೆರಲ್ ಮಾಡುವ ಕೆಲಸವೂ ಅದೇ. ಒನಕೆ ಮೂಲೆ ಸೇರಿತೆಂದು ಪದವನ್ನೂ ಮೂಲೆಗೆ ಹಾಕಬೇಕೆ?

*

ತಿವಿಗೋಲು ಆಗದು. ತಿವಿಯುವುದೆಂದರೆ ಚುಚ್ಚಿ ನಿಲ್ಲುವುದು. ಕ್ಯೂ ಚೆಂಡನ್ನು ಮುಟ್ಟಿದ ಮೇಲೂ ಅದೇ ಗೆರೆಯಲ್ಲಿ ಮುಂದೆ ಸಾಗಬೇಕು. ತಿವಿದು ನಿಲ್ಲಿಸುವುದೇ ಹೊಸಬರು ಮಾಡುವ ತಪ್ಪು. ಹೆಸರಿನಲ್ಲೇ ಆ ತಪ್ಪನ್ನು ಕಲಿಸಬೇಡಿ.

‘ಹೇಳಿ ಮಾಡಿಸಿದ’ ಕೂಡ ಇಲ್ಲಿ ಕೆಡುತ್ತದೆ. ‘ನಿಮಗೆ ಹೇಳಿ ಮಾಡಿಸಿದ ಕ್ಯೂ’ ಎಂದರೆ ಅಂಗಡಿಯಲ್ಲಿ ಸಿದ್ಧವಾಗಿ ಸಿಕ್ಕಿದ್ದೂ ಆಗಬಹುದು, ಒಪ್ಪುತ್ತದೆ ಎಂಬುದಷ್ಟೇ ಅದರ ಅರ್ಥ. ಇಲ್ಲಿ ಮಾಡುವವರಿಗೆ ಅಳತೆ ಕೊಡುವುದೇ ಮುಖ್ಯ. ‘ಅಳತೆ ಕೊಟ್ಟು ಮಾಡಿಸಿದ ಕ್ಯೂ’ ಎನ್ನಿ.

ಏನು ಅಳತೆ ಎಂಬುದು ಅಧ್ಯಾಯದಲ್ಲಿ ಸರಿಯಾಗಿ ಬಂದಿದೆಯೇ ನೋಡಿಕೊಳ್ಳಿ. ಕೇರಂ ಚೆಂಡು 61.5 ಮಿ.ಮೀ., ತೂಕ 205ರಿಂದ 220 ಗ್ರಾಂ. ಪಾಕೆಟ್ ಇರುವ ಮೇಜಿನಲ್ಲಿ ಆಡುವ ಪೂಲ್ ಆಟದ ಚೆಂಡು 57.15 ಮಿ.ಮೀ., ತೂಕ 170 ಗ್ರಾಂ ಮೀರುವುದಿಲ್ಲ. ಭಾರದ ಚೆಂಡಿಗೆ ಬಾಗದ ಕೋಲು ಬೇಕು. ಅದಕ್ಕೇ ಕೇರಂ ಕ್ಯೂ 140 ಸೆಂ.ಮೀ. ಆಸುಪಾಸಿನ ಗಿಡ್ಡ ಕೋಲು. ಪೂಲ್ ಕ್ಯೂ 147. ತುದಿ 11–12 ಮಿ.ಮೀ. ಇದ್ದರೂ ಹಿಂದಕ್ಕೆ ಹೋದಂತೆ ಒಂದೇ ಸಮನೆ ದಪ್ಪವಾಗುತ್ತದೆ. ಟೇಪರ್‌ಗೆ ‘ಮೊನಚು’ ಎಂದು ಬರೆದಿದ್ದರೆ ಹೊಡೆದುಹಾಕಿ, ಅದು ಚೂಪು. ‘ಸಣ್ಣಗಾಗುತ್ತ ಬರುವ ಮೈ’ ಎಂದು ಬಿಡಿಸಿ ಬರೆಯಿರಿ.

ಇನ್ನೊಂದು ಕ್ಯೂ ಮಾಡಿಸುವವರು ಮೊದಲು ಕೇಳಬೇಕಾದದ್ದು ಜಾಯಿಂಟ್, ಅಂದರೆ ಎರಡು ತುಂಡು ಕೂಡುವ ಕಡೆಯ ಬಗ್ಗೆ. ತಿರುಪು ಮರದ್ದೋ ಲೋಹದ್ದೋ, ಅದರ ಅಳತೆ ಎಷ್ಟು, ಕೂಡುವ ಕಡೆಯ ವ್ಯಾಸ ಎಷ್ಟು. ಮೂರೂ ಹಳೆಯದರಂತೆಯೇ ಇದ್ದರೆ ಎರಡು ಮುಂಗೋಲುಗಳನ್ನು ಅದಲುಬದಲು ಮಾಡಬಹುದು. ತಿರುಪು ಕೂಡಿ ವ್ಯಾಸ ಮಾತ್ರ ಬೇರೆಯಾದರೆ ಕೈಗೆ ಅಂಚು ತಗಲುತ್ತದೆ. ಮರದ ತಿರುಪು ತೇವಕ್ಕೆ ಉಬ್ಬಿ ಬಿಗಿಯುತ್ತದೆ. ಆಗ ಬಲ ಹಾಕಿ ತಿರುಗಿಸಿದರೆ ಎಳೆ ಕಿತ್ತುಬರುತ್ತದೆ.

ಆಮೇಲೆ ತೂಕ, ಮತ್ತು ಬೆರಳ ಮೇಲಿಟ್ಟರೆ ಕ್ಯೂ ಸಮನಾಗಿ ನಿಲ್ಲುವ ಜಾಗ. ಎರಡು ಕ್ಯೂ ಒಂದೇ ತೂಕವಿದ್ದರೂ ಈ ಜಾಗ ಹಿಂದುಮುಂದಾದರೆ ಕೈಗೆ ಬೇರೆಯೇ ಕ್ಯೂ. ಹಾಗಾಗಿ ಬುಡದಿಂದ ಎಷ್ಟು ಸೆಂ.ಮೀ. ಎಂದೇ ಬರೆದುಕೊಡಬೇಕು. ಡೊಂಕು ನೋಡುವಾಗ ಎರಡು ತುಂಡನ್ನೂ ಬೇರೆಬೇರೆ ಉರುಳಿಸಿ. ಜೋಡಿಸಿದಾಗ ಮಾತ್ರ ಓಲಾಡಿದರೆ ಮರ ಡೊಂಕಲ್ಲ, ಕೂಡುವ ಮುಖ ನೇರವಾಗಿಲ್ಲ.

*

ತಿವಿಗೋಲು ಬೇಡವಾದರೆ ಬೇಡ. ಅಣಸಿಗೆ ಉತ್ತರ ಬರಲಿಲ್ಲ.

*

ಅಣಸು ಲೋಹದ್ದು, ಭಾರದ್ದು. ಕೇರಂ ಕ್ಯೂನ ಫೆರಲ್ ಪ್ಲಾಸ್ಟಿಕ್ ಅಥವಾ ಫೈಬರ್, ಹಿಂದೆ ದಂತ. ಅದು ಗಿಡ್ಡವಾಗಿ ಹಗುರವಾಗಿರಬೇಕು. ತುದಿಯಲ್ಲಿ ಭಾರ ಹೆಚ್ಚಿದಷ್ಟೂ, ಚೆಂಡಿನ ಪಕ್ಕಕ್ಕೆ ಹೊಡೆದಾಗ ಚೆಂಡು ಗುರಿಯ ಗೆರೆಯಿಂದ ಹೆಚ್ಚು ಆಚೆ ಸರಿಯುತ್ತದೆ. ಅದೇ ಸ್ಕ್ವರ್ಟ್. ಹಳೆಯ ಕ್ಯೂಗೆ ಒಗ್ಗಿದ ಕಣ್ಣು ಹೊಸದರಲ್ಲಿ ಗುರಿ ತಪ್ಪುವುದು ಇದರಿಂದಲೇ. ‘ಬಳೆ’ ಎಂದು ಬರೆಯಿರಿ.

*

ಬಳೆ ಎಂದರೆ ಜಾಯಿಂಟಿನ ಸುತ್ತ ಅಲಂಕಾರಕ್ಕೆ ಹಾಕುವ ಪಟ್ಟಿಗಳೂ ಬಳೆಯೇ. ಓದುಗ ಯಾವ ಬಳೆ ಎಂದುಕೊಳ್ಳಬೇಕು? ವಸ್ತು ಬದಲಾದರೆ ಪದ ಸಾಯುವುದಿಲ್ಲ. ಫೆರಲ್‌ನ ಮೂಲ ಲ್ಯಾಟಿನ್ನಿನಲ್ಲಿ ಕೈಬಳೆ ಎಂಬರ್ಥದ ಪದ. ಕಬ್ಬಿಣಕ್ಕಿರುವ ‘ಫೆರಮ್’ನ ನೆರಳು ಬಿದ್ದು ರೂಪ ಬದಲಾಯಿತು. ಅವರು ಕಬ್ಬಿಣದ ನೆರಳು ಹೊತ್ತ ಪದವನ್ನು ಪ್ಲಾಸ್ಟಿಕ್ಕಿಗೆ ಬಳಸಬಹುದು, ನಾವು ಅಣಸನ್ನು ಬಳಸಬಾರದು. ಇದು ಯಾವ ನ್ಯಾಯ?

ಸ್ಕ್ವರ್ಟ್‌ಗೂ ಪದವಿದೆ. ಓಸರಿಸು ಎಂದರೆ ಪಕ್ಕಕ್ಕೆ ಸರಿ. ‘ಓಸರಿಕೆ’.

*

ಓಸರಿಕೆ ಒಪ್ಪಿದೆ. ಅಣಸೂ ಸರಿ, ಮೊದಲ ಬಾರಿ ಬಂದಲ್ಲಿ ಒಂದು ವಾಕ್ಯದಲ್ಲಿ ವಿವರಿಸಿದರೆ.

*

ಎಲ್ಲರೂ ಕ್ಯೂ ಪದವನ್ನು ಹಾಗೇ ಬಿಟ್ಟಿರಿ. ಸಾಲಿನ ಕ್ಯೂ, ಆಟದ ಕ್ಯೂ ಎರಡೂ ಬಾಲ ಎಂಬರ್ಥದ ಒಂದೇ ಫ್ರೆಂಚ್ ಪದದಿಂದ ಬಂದವು. ಇಂಗ್ಲಿಷಿನಲ್ಲಿ ಕಾಗುಣಿತ ಎರಡನ್ನೂ ಬೇರೆ ಮಾಡುತ್ತದೆ. ಕನ್ನಡದಲ್ಲಿ ಬರೆದ ಕೂಡಲೇ ಆ ಗುರುತೂ ಅಳಿಯುತ್ತದೆ. ಎರವಲು ತರುವಾಗ ಹೀಗೆ ಕಳೆದುಹೋಗುವುದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ವಿಭಕ್ತಿ ಹಚ್ಚಿದರೆ ಕ್ಯೂವಿನ, ಕ್ಯೂನ, ಕ್ಯೂದ ಎಂದು ಮೂರು ದಾರಿ. ‘ಕೋಲು’ ಎಂದರೆ ಈ ರಗಳೆ ಯಾವುದೂ ಇಲ್ಲ.

*

ಬಸ್ಸು, ಟೇಬಲ್ಲು ಒಗ್ಗಿದ ಹಾಗೆ ಇದೂ ಒಗ್ಗುತ್ತದೆ. ಆಡುವವರು ‘ಕ್ಯೂ’ ಎನ್ನುತ್ತಾರೆ, ಬರೆಯುವವರು ಅವರನ್ನು ತಿದ್ದಬೇಕಾಗಿಲ್ಲ.

*

ಒಗ್ಗಿದ್ದು ಉಕಾರ ಸೇರಿಸಿಕೊಂಡದ್ದರಿಂದ. ಕ್ಯೂಗೆ ಅದನ್ನು ಎಲ್ಲಿ ಸೇರಿಸುತ್ತೀರಿ?

*

ಎಲ್ಲರಿಗೂ ಕೃತಜ್ಞತೆಗಳು. ಅಧ್ಯಾಯದ ಹೆಸರು ಹೀಗೆ ಹೋಗುತ್ತಿದೆ: ‘ಅಳತೆ ಕೊಟ್ಟು ಇನ್ನೊಂದು ಕೋಲು ಮಾಡಿಸುವಾಗ’. ಒಳಗೆ ಮೊದಲ ಸಲ ‘ಬಿಲಿಯರ್ಡ್ಸ್ ಕೋಲು, ಅಂದರೆ ಕ್ಯೂ’, ಆಮೇಲೆ ಬರಿಯ ಕೋಲು. ಮುಂಗೋಲು, ಹಿಂಗೋಲು, ಅಣಸು, ಓಸರಿಕೆ ಉಳಿದವು. ಆಟದ ಹೆಸರಿಗೆ ‘ಮೂರು ಚೆಂಡಿನ ಬಿಲಿಯರ್ಡ್ಸ್’ ಎಂದಿಟ್ಟೆ.

*

ಆಟದ ಹೆಸರು ತಪ್ಪು. ಒಂದು ಬಿಳಿ, ಒಂದು ಹಳದಿ, ಒಂದು ಕೆಂಪು ಚೆಂಡು, ಆರು ಪಾಕೆಟ್ ಇರುವ ಇಂಗ್ಲಿಷ್ ಬಿಲಿಯರ್ಡ್ಸ್ ಕೂಡ ಮೂರು ಚೆಂಡಿನದೇ. ‘ಪಾಕೆಟ್ ಇಲ್ಲದ ಬಿಲಿಯರ್ಡ್ಸ್’ ಎಂದು ಬದಲಿಸಿ ಕಳಿಸಿ.