ನಡುರಾತ್ರಿ ನೀರು ಹಿಡಿಯೋದು ಯಾರಿಗಾದರೂ ಇಷ್ಟವಾಗಿದೆಯಾ?

ಬಾಡಿಗೆಮನೆ:
ಬೆಂಗಳೂರಿಗೆ ಬಂದು ಇನ್ನೂ ವರ್ಷ ತುಂಬಿಲ್ಲ. ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತೆ, ಅದೂ ನಡುರಾತ್ರಿ. ಮನೆಗೆ ಸಂಪ್ ಇಲ್ಲ. ಎದ್ದು ಡ್ರಮ್, ಕೊಡ, ಬಕೆಟ್ ಎಲ್ಲ ತುಂಬಿಸಬೇಕು. ಮರುದಿನ ಆಫೀಸಿನಲ್ಲಿ ಕಣ್ಣು ಎಳೆಯುತ್ತೆ, ಸಣ್ಣ ಸಣ್ಣದಕ್ಕೂ ಸಿಡುಕುತ್ತೇನೆ. ಎದುರುಮನೆಯವರು ಮಾತ್ರ ಅದೇ ಹೊತ್ತಿಗೆ ಆರಾಮಾಗಿ ಮಾತಾಡಿಕೊಂಡು ಹಿಡಿಯುತ್ತಾರೆ. ಈ ಪರದಾಟ ಒಗ್ಗಿಹೋಗಿ, ಇಷ್ಟವೂ ಆದವರು ಇದ್ದೀರಾ? ಹೇಗೆ ಅಂತ ಹೇಳಿ.

ದಾಸವಾಳ:
ನಾನಿದ್ದೀನಿ. ನಮ್ಮದೂ ಸಂಪ್ ಇಲ್ಲದ ಮನೆ.

ಮೊದಲು ನಲ್ಲಿಯಿಂದ ಬರೀ ಗಾಳಿ. ಆಮೇಲೆ ಕೆಂಪಗೆ ಒಂದಿಷ್ಟು ನೀರು, ಅದು ಗಿಡಗಳಿಗೆ. ಅದಾದ ಮೇಲೆ ತಿಳಿನೀರು ಬರುತ್ತೆ. ಕೈಯೊಡ್ಡಿದರೆ ಬೇಸಿಗೆಯಲ್ಲೂ ತಣ್ಣಗಿರುತ್ತೆ.

ನನ್ನ ಸಿಡುಕು ಇಳಿದಿದ್ದು ಈ ನೀರು ಬರುವ ದಾರಿ ಗೊತ್ತಾದ ಮೇಲೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ ಮೇಲಕ್ಕೆ ಎತ್ತುತ್ತಾರೆ. ಹಾರೋಹಳ್ಳಿಯಲ್ಲಿ ಮತ್ತೆ ಎತ್ತುತ್ತಾರೆ, ತಾತಗುಣಿಯಲ್ಲಿ ಇನ್ನೊಮ್ಮೆ. ಸುಮಾರು 100 ಕಿ.ಮೀ. ದೂರ, ಹತ್ತಿರ ಹತ್ತಿರ 500 ಮೀಟರ್ ಎತ್ತರ! ನದಿ ಕೆಳಗಿದೆ, ಊರು ಮೇಲಿದೆ. ತಾನಾಗಿ ಒಂದು ತೊಟ್ಟೂ ಇಲ್ಲಿಗೆ ಹತ್ತಿ ಬರಲ್ಲ. ನಾನು ಎದ್ದಿರುವ ಹೊತ್ತಿಗೆ ಆ ಪಂಪ್‌ಹೌಸ್‌ಗಳಲ್ಲೂ ಯಾರೋ ಎದ್ದಿರುತ್ತಾರೆ, ಅಲ್ವಾ? ಹಾಗೆ ನೆನೆದ ದಿನ ಕೊಡ ಎತ್ತುವಾಗ ಬೇಜಾರಾಗಲ್ಲ. 1974ರಲ್ಲಿ ಕಾವೇರಿ ಬರುವ ಮುಂಚೆ ಈ ಊರು ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ನೀರನ್ನೇ ನಂಬಿಕೊಂಡಿತ್ತು.

ಇನ್ನೊಂದು, ಬೇಳೆ. ನಮ್ಮ ಬೋರ್ ನೀರು ಗಡಸು. ಅದರಲ್ಲಿ ತೊಗರಿಬೇಳೆ ಎಷ್ಟು ಸೀಟಿ ಕೂಗಿಸಿದರೂ ಕಾಳುಕಾಳಾಗೇ ಉಳಿಯುತ್ತೆ. ಕಾವೇರಿ ನೀರಿನಲ್ಲಿ ಹೂವಿನ ಹಾಗೆ ಬೇಯುತ್ತೆ. ಅದಕ್ಕೇ ಅಡುಗೆಗೆ ಅಂತ ಒಂದು ಕೊಡ ಬೇರೆ ಇಡುತ್ತೇನೆ, ಯಾರೂ ಅದನ್ನು ಮುಟ್ಟೋ ಹಾಗಿಲ್ಲ.

ಮಹದೇವಪುರದವನು:
ದಾಸವಾಳ ಅವರು ಹೇಳಿದ್ದು ಚೆನ್ನಾಗಿದೆ. ಆದರೆ ನೀರನ್ನು ಇಷ್ಟಪಡೋದು ಬೇರೆ, ಅದು ನಡುರಾತ್ರಿ ಬರೋದನ್ನು ಒಪ್ಪಿಕೊಳ್ಳೋದು ಬೇರೆ. 2024ರ ಬೇಸಿಗೆಯಲ್ಲಿ ಬೋರ್ ಬತ್ತಿ ನಾವು ಟ್ಯಾಂಕರ್‌ಗೆ ಕಾದು ಕೂತಿದ್ದೆವು. ಅದೇ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಶುರುವಾಯಿತು. ದಿನಕ್ಕೆ 77.5 ಕೋಟಿ ಲೀಟರ್‌ನ ಯೋಜನೆ, ಮುಖ್ಯವಾಗಿ ಬೆಂಗಳೂರಿಗೆ ಆಮೇಲೆ ಸೇರಿದ 110 ಹಳ್ಳಿಗಳಿಗೆ. ಜನ ಕೇಳಿ ಕೇಳಿ ಬಂದ ನೀರು ಅದು. ಹಗಲು ಹೊತ್ತು ನೀರು ಬಿಡಿ ಅಂತ ನೀವೂ ಬೀದಿಯವರೆಲ್ಲ ಸೇರಿ ಅರ್ಜಿ ಕೊಡಿ.

ಹುಬ್ಬಳ್ಳಿ ಹುಡುಗಿ:
ದಿನ ಬಿಟ್ಟು ದಿನ ಅಂದ್ರೆ ನಮ್ಮ ಓಣಿಯವರಿಗೆ ಹಬ್ಬ. ನಮಗೆ ಮಲಪ್ರಭೆ ನೀರು, ವಾರಗಟ್ಟಲೆ ಕಾಯುತ್ತೇವೆ. ಊರಲ್ಲೇ ಕೆಲವು ಕಡೆ 24 ತಾಸೂ ನೀರಿದೆ, ನಮ್ಮ ಪಾಳಿ ಇನ್ನೂ ಬಂದಿಲ್ಲ. ಆದರೂ ನೀರು ಬಿಟ್ಟ ದಿನ ಓಣಿ ನೋಡಬೇಕು. ಯಾರ ಮನೆ ಪೈಪು ಯಾರ ಟಾಕಿಯೊಳಗೆ ಇದೆ ಅಂತ ಗೊತ್ತಾಗಲ್ಲ. ಕೀಲಿ ಹಾಕಿಕೊಂಡು ಊರಿಗೆ ಹೋದವರ ಬ್ಯಾರೆಲ್ ಕೂಡ ತುಂಬಿರುತ್ತೆ. ನನಗೆ ಅದು ಬಹಳ ಇಷ್ಟ.

ಬಾಡಿಗೆಮನೆ:
ಬೇಳೆ ಬೇಯದಿದ್ದಕ್ಕೆ ಕುಕ್ಕರ್ ಹಾಳಾಗಿದೆ ಅಂದುಕೊಂಡಿದ್ದೆ! ನಾಳೆಯೇ ಒಂದು ಕೊಡ ಎತ್ತಿಡುತ್ತೇನೆ. ಎದುರುಮನೆಯವರ ಹತ್ತಿರ ಅರ್ಜಿ ವಿಷಯವೂ ಮಾತಾಡುತ್ತೇನೆ. ನೀರು ಬಿಡೋ ಸಮಯ ಮೊದಲೇ ತಿಳಿಯೋಕೆ ದಾರಿ ಇದೆಯಾ?

ದಾಸವಾಳ:
ನಿಮ್ಮ ಏರಿಯಾದ ವಾಲ್ವ್‌ಮನ್ ಯಾರು ಅಂತ ಕೇಳಿಕೊಳ್ಳಿ. ಒಂದು ಸಲ ಪರಿಚಯ ಮಾಡಿಕೊಂಡು ಫೋನ್ ನಂಬರ್ ತಗೊಂಡರೆ ಸಾಕು. ನಮ್ಮ ಕಡೆಯವರು ತಡವಾಗೋ ದಿನ ಸಂಜೆಯೇ ಹೇಳಿಬಿಡುತ್ತಾರೆ, ನಾವು ನೆಮ್ಮದಿಯಾಗಿ ಮಲಗುತ್ತೇವೆ.