ಮೀನಿಗೆ ತಿಂಡಿಯೂ ಬೇಡವಂತೆ

ಬೆಳಿಗ್ಗೆ ಆರೂಕಾಲಿಗೆ ದೊಡ್ಡಪ್ಪ ಮನೆಯ ಗುಂಪಿಗೆ ಒಂದು ವಿಡಿಯೊ ಹಾಕಿದರು. ಕೆಳಗೆ ಹೀಗಿತ್ತು: ‘ಅಕ್ವಾಪೋನಿಕ್ಸ್! ಕೆಳಗೆ ಮೀನು, ಮೇಲೆ ಸೊಪ್ಪು. ಮಣ್ಣು ಬೇಡ, ಗೊಬ್ಬರ ಬೇಡ, ಮೀನಿಗೆ ತಿಂಡಿಯೂ ಬೇಡ. ಒಂದೇ ವಾರದಲ್ಲಿ ಫಲ. ತಪ್ಪದೆ ಹತ್ತು ಜನಕ್ಕೆ ಕಳಿಸಿ.’ ವಿಡಿಯೊ ನಾಲ್ಕು ನಿಮಿಷದ್ದು. ಅರ್ಧ ನಿಮಿಷದೊಳಗೆ ಆರು ಹೆಬ್ಬೆಟ್ಟು ಬಿದ್ದವು.

ದೊಡ್ಡಪ್ಪ: ನೋಡಿ, ಮೀನು ಕೂಡ ಬದುಕಿದ್ದಷ್ಟು ದಿನ ಇನ್ನೊಬ್ಬರಿಗೆ ಉಪಯೋಗವಾಗುತ್ತದೆ. ಈಗಿನ ಹುಡುಗರಿಗೆ ಇದು ಯಾವಾಗ ಅರ್ಥವಾಗುತ್ತದೋ.

ಚಿಕ್ಕಪ್ಪ: ಕೂತಲ್ಲೇ ತಿಂದುಕೊಂಡು ನೀರು ಕೆಡಿಸುವವರು ನಮ್ಮಲ್ಲೂ ಇದ್ದಾರೆ. ಅವರ ತಲೆ ಮೇಲೂ ಸೊಪ್ಪು ಬೆಳೆಸಬಹುದಾ?

ಅಣ್ಣ: ಅಪ್ಪಾ, ಇದಕ್ಕೆ ಆಧಾರ ಏನು?

ದೊಡ್ಡಪ್ಪ: ಕಳಿಸಿದವರು ರಿಟೈರ್ಡ್ ಇಂಜಿನಿಯರ್.

ಅಣ್ಣ: ರಸ್ತೆಯದ್ದಾ, ಮೀನಿನದ್ದಾ?

ದೊಡ್ಡಪ್ಪ: ಸೈಕಲ್ ಕಲಿಯುವಾಗ ನಿನಗೆ ಆಧಾರ ನಾನೇ ಆಗಿದ್ದೆ. ಆಗ ಪ್ರಶ್ನೆ ಕೇಳಿರಲಿಲ್ಲ.

ಅಣ್ಣ: ಹೇಳದೆ ಕೈ ಬಿಟ್ಟಿರಿ. ಮೊಣಕಾಲಲ್ಲಿ ಗುರುತು ಇನ್ನೂ ಇದೆ.

ನಾನು ಸುಮ್ನೆ ಓದುತ್ತಿದ್ದೆ. ಐದು ವಾರದಿಂದ ನಮ್ಮ ಬಾಲ್ಕನಿಯಲ್ಲಿ ಅದೇ ಅಕ್ವಾಪೋನಿಕ್ಸ್‌ನ ಒಂದು ಚಿಕ್ಕ ಮಾದರಿ ನಡೆಯುತ್ತಿದೆ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ.

ಭಾವ: ಅಜ್ಜಿ ಮನೆ ಹಿತ್ತಲಿನ ಕಲ್ಲಿನ ತೊಟ್ಟಿ ನೆನಪಿದೆಯಾ? ಸೊಳ್ಳೆ ಮರಿ ತಿನ್ನಲಿ ಅಂತ ಮೀನು ಬಿಟ್ಟಿದ್ದರು. ತೊಟ್ಟಿ ತೊಳೆದ ನೀರು ಹರಿಯುವ ಕಡೆ ಗಿಡ ಹೇಗೆ ಎದ್ದು ಬರುತ್ತಿತ್ತು!

ಆವತ್ತು ಗುಂಪಿನಲ್ಲಿ ಬಂದ ಸರಿಯಾದ ಮಾತು ಅದೊಂದೇ. ಆದರೆ ಭಾವ ಅಲ್ಲಿಗೆ ನಿಲ್ಲಿಸಲಿಲ್ಲ. ‘ಆ ತೊಟ್ಟಿಗೆ ನನ್ನನ್ನು ತಳ್ಳಿದ್ದು ಯಾರು ಅಂತ ಇವತ್ತಾದರೂ ಹೇಳಿ’ ಅಂದರು. ಅದರ ಮೇಲೆ ಇಪ್ಪತ್ತು ಮೆಸೇಜು ಹೋದವು. ತಳ್ಳಿದವರು ಸಿಗಲಿಲ್ಲ.

ಅತ್ತೆ: ಮೀನಿನ ಮಾತು ಬಂತು ಅಂತ ಹೇಳುತ್ತೇನೆ. ನನ್ನ ಎಂಟು ಮೀನು ಕೊಂದವರು ಈ ಗುಂಪಿನಲ್ಲೇ ಇದ್ದಾರೆ.

ಚಿಕ್ಕಪ್ಪ: ಶುರುವಾಯಿತು. ಅಕ್ಕಾ, ದಿನಕ್ಕೆ ಎರಡೇ ಚಿಟಿಕೆ ಹಾಕಿದ್ದೆ.

ಅತ್ತೆ: ಚಿಟಿಕೆಯೋ, ಹಿಡಿಯೋ?

ಹೊಸಬರಿಗೆ ಹೇಳಬೇಕು. ಹನ್ನೆರಡು ವರ್ಷದ ಹಿಂದೆ ಅತ್ತೆ ಒಂದು ವಾರ ಊರಿಗೆ ಹೋಗಿದ್ದರು. ಅಕ್ವೇರಿಯಂ ನೋಡಿಕೊಳ್ಳುವ ಕೆಲಸ ಚಿಕ್ಕಪ್ಪನದು. ನಾನು ಐದನೇ ಕ್ಲಾಸು, ಅವರ ಹಿಂದೆಯೇ ಸುತ್ತುತ್ತಿದ್ದೆ. ಅತ್ತೆ ವಾಪಸ್ ಬರುವ ಹೊತ್ತಿಗೆ ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಅಂದಿನಿಂದ ಚಿಕ್ಕಪ್ಪ ಅಪರಾಧಿ.

ಮಾತು ತಿರುಗಿಸೋಣ ಅಂತ ನಾನು ಗೊತ್ತಿದ್ದದ್ದನ್ನೆಲ್ಲ ಬರೆದೆ.

ನಾನು: ವಿಡಿಯೊ ಪೂರ್ತಿ ಸುಳ್ಳಲ್ಲ. ಆದರೆ ಮೀನಿಗೆ ತಿಂಡಿ ಬೇಕೇ ಬೇಕು, ಗಿಡದ ಗೊಬ್ಬರ ಹೆಚ್ಚುಕಡಿಮೆ ಅದರಿಂದಲೇ ಬರುವುದು. ಮೀನು ಬಿಡುವ ಅಮೋನಿಯಾ ವಿಷ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ಗಿಡ ಜಾಸ್ತಿ ಹೀರುವುದು ಇದನ್ನೇ. ಈ ಬ್ಯಾಕ್ಟೀರಿಯಾ ಗಿಡ ನೆಡುವ ಜಲ್ಲಿ ಮೇಲೆ ನೆಲೆಯೂರಲು 4ರಿಂದ 6 ವಾರ ಬೇಕು, ಒಂದು ವಾರ ಸಾಲುವುದಿಲ್ಲ. ನನ್ನದು 200 ಲೀಟರಿನ ಡ್ರಮ್ಮು, ಮೇಲೆ 30 ಸೆಂ.ಮೀ. ಆಳದ ಜಲ್ಲಿ ತೊಟ್ಟಿ. ಪಂಪು ನೀರನ್ನು ಮೇಲೆತ್ತುತ್ತದೆ. ತೊಟ್ಟಿ ತುಂಬಿದ ಕೂಡಲೇ ಬೆಲ್ ಸೈಫನ್ ಅನ್ನುವ ಕೊಳವೆ ಗೊಟಗೊಟ ಅಂತ ಎಲ್ಲವನ್ನೂ ಎಳೆದು ಕೆಳಗೆ ಬಿಡುತ್ತದೆ. ಆಗ ಬೇರಿಗೆ ಗಾಳಿ ಸಿಗುತ್ತದೆ. ಜಲ್ಲಿಗೆ ಮೊದಲು ವಿನಿಗರ್ ಹಾಕಿ ನೋಡಿ. ನೊರೆ ಬಂದರೆ ಅದರಲ್ಲಿ ಸುಣ್ಣದ ಕಲ್ಲಿದೆ, ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಏರುತ್ತದೆ. ಇನ್ನೊಂದು: ಫಿಲ್ಟರಿನ ಸ್ಪಂಜನ್ನು ಯಾವತ್ತೂ ನಲ್ಲಿ ಕೆಳಗೆ ತೊಳೆಯಬೇಡಿ. ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತವೆ, ಆಮೇಲೆ ಅಮೋನಿಯಾ ಏರಿ ಮೀನೂ ಸಾಯುತ್ತವೆ. ಅದೇ ಟ್ಯಾಂಕಿನ ನೀರಲ್ಲಿ ಅದ್ದಿ ಹಿಂಡಿದರೆ ಸಾಕು. ಇದು ಮಾಡಿ ಕಲಿತದ್ದು.

ದೊಡ್ಡಪ್ಪ: ಇದನ್ನೇ ತಾನೆ ವಿಡಿಯೊದಲ್ಲೂ ಹೇಳಿರುವುದು.

ಅಣ್ಣ: ನಿನ್ನದಕ್ಕೆ ಆಧಾರ?

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಸಣ್ಣ ಅಕ್ವಾಪೋನಿಕ್ಸ್ ಮಾಡುವವರಿಗಾಗಿ ತಂದ ಕೈಪಿಡಿಯನ್ನು ನಾನು ಗುಂಪಿಗೆ ಕಳಿಸಿದೆ. 1000 ಲೀಟರಿಗೆ 10ರಿಂದ 20 ಕೆ.ಜಿ. ಮೀನು ಸಾಕು ಅನ್ನುವ ಪುಟಕ್ಕೆ ಗುರುತನ್ನೂ ಹಾಕಿದ್ದೆ.

ಅಣ್ಣ: ತುಂಬಾ ಉದ್ದ ಇದೆ. ಆಮೇಲೆ ನೋಡುತ್ತೇನೆ.

ಭಾವ: ನನ್ನನ್ನು ತಳ್ಳಿದ್ದು ನೀನೇನಾ?

ಫೋನು ಬದಿಗಿಟ್ಟು ಬಾಲ್ಕನಿಗೆ ಹೋದೆ. ನಾಲ್ಕೂ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಟ್ಯೂಬಿಗೆ ನೀರು ತುಂಬಿ ಟೆಸ್ಟಿನ ಹನಿ ಹಾಕಿದೆ. ಐದು ನಿಮಿಷಕ್ಕೆ ಕಡು ನೇರಳೆ. ನೈಟ್ರೈಟ್ ಏರಿತ್ತು, ಎರಡನೇ ಜಾತಿಯ ಬ್ಯಾಕ್ಟೀರಿಯಾ ಇನ್ನೂ ಸಾಕಷ್ಟು ಬಂದಿಲ್ಲ. ಕ್ಲೋರಿನ್ ಹೋಗಲಿ ಅಂತ ಒಂದು ದಿನ ತೆರೆದಿಟ್ಟಿದ್ದ ನೀರಿತ್ತು. ಡ್ರಮ್ಮಿನ ನೀರಲ್ಲಿ ಮೂರನೇ ಒಂದು ಪಾಲು ತೆಗೆದು ಅದರ ಜಾಗಕ್ಕೆ ಈ ನೀರು ಸುರಿದೆ. ಆವತ್ತು ಮೀನಿಗೆ ತಿಂಡಿ ಹಾಕಲಿಲ್ಲ. ಅಷ್ಟರ ಮಟ್ಟಿಗೆ ದೊಡ್ಡಪ್ಪನ ವಿಡಿಯೊ ನಿಜ.

ಕೈ ಒರೆಸಿಕೊಂಡು ಬಂದರೆ ಫೋನಿನಲ್ಲಿ ಅತ್ತೆಯ ಮೆಸೇಜು. ಗುಂಪಿನಲ್ಲಲ್ಲ, ನನಗೊಬ್ಬನಿಗೇ.

‘ನೀನು ಬರೆದದ್ದನ್ನು ಎರಡು ಸಲ ಓದಿದೆ. ಆವತ್ತು ಬಂದು ನೋಡಿದಾಗ ಸ್ಪಂಜು ಹೊಸದರ ಹಾಗೆ ಬೆಳ್ಳಗಿತ್ತು. ನಿನ್ನ ಚಿಕ್ಕಪ್ಪ ಜನ್ಮದಲ್ಲಿ ಏನನ್ನೂ ಅಷ್ಟು ಚೆನ್ನಾಗಿ ತೊಳೆದವನಲ್ಲ. ಅಲ್ವಾ?’

ಎರಡು ನೀಲಿ ಗೀಟು ಆಗಲೇ ಬಿದ್ದಿದ್ದವು. ಅತ್ತ ಗುಂಪಿನಲ್ಲಿ ಚಿಕ್ಕಪ್ಪ ಇನ್ನೂ ಬರೆಯುತ್ತಲೇ ಇದ್ದರು: ‘ಎರಡೇ ಚಿಟಿಕೆ. ಬೇಕಾದರೆ ಆಣೆ ಮಾಡುತ್ತೇನೆ.’